ಕುರಿ ಮಾರಿ ವೀಸಾ ಕೇಳಿದ ಮಾವ

ನಮ್ಮ ಸೋದರಮಾವ ಬಡವನೋ ಸಾವ್ಕಾರನೋ ಅನ್ನೋದನ್ನ ಹೊರದೇಶದ ವೀಸಾ ಆಫೀಸಿನವರಿಗೂ ಕಂಡುಹಿಡಿಯೋಕೆ ಆಗಲಿಲ್ಲ ಅಂದ್ರೆ ನೀವು ನಂಬಲೇಬೇಕು! ಭೈರವಾನಿತಿಪ್ಪದ ಕಡೆ ಅವನಿಗೆ ನೂರಿಪ್ಪತ್ತು ಕುರಿ, ಒಂದಿಷ್ಟು ಹೊಲ. ಬ್ಯಾಂಕಿನಲ್ಲಿ? ಇನ್ನೂರ ಹನ್ನೊಂದು ರೂಪಾಯಿ! ಕೇಳಿದ್ರೆ, "ಬ್ಯಾಂಕಿನಾಗ ಇಟ್ಟ ರೊಕ್ಕ ಮರಿ ಹಾಕ್ತದೇನವ್ವಾ?" ಅಂತ ನನ್ನನ್ನೇ ದಬಾಯಿಸುತ್ತಾನೆ.

ಇಂಥವನಿಗೆ ವೀಸಾ ಯಾಕೆ ಅಂತೀರಾ? ಒಬ್ಬಳೇ ಮಗಳು ಹಿಮ ಬೀಳೋ ದೇಶದಲ್ಲಿ ನರ್ಸು. ಈಗ ಬಸುರಿ. ಚೊಚ್ಚಲ ಬಾಣಂತನ ತವರಿನವರ ಪಾಲು ತಾನೆ? ಅವಳಿಗೆ ಬರೋಕೆ ರಜೆಯಿಲ್ಲ, ನಮ್ಮತ್ತೆ ತೀರಿಕೊಂಡು ಎಷ್ಟೋ ವರ್ಷ ಆಯ್ತು.

"ತವರು ಅಂದ್ರ ನಾನೇ. ನಾನೇ ಹೋಗ್ತೀನಿ," ಅಂದ ಮಾವ.

ಗಂಡಸು, ಬಾಣಂತನಕ್ಕೆ! ರಾಯದುರ್ಗದ ನನ್ನ ಜೆರಾಕ್ಸ್ ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಅವನು ನಗಲಿಲ್ಲ.

ಅರ್ಜಿ ತುಂಬೋ ಕರ್ಮ ನನ್ನದು. "ಮಾವಾ, ತಿಂಗಳ ಆದಾಯ ಎಷ್ಟು?"

"ತಿಂಗಳಿಗಿಷ್ಟು ಅಂತ ಯಾವ ಕುರಿ ಕೊಡ್ತದ? ಹಬ್ಬ ನೋಡ್ಕೊಂಡು ಬರಿ!"

ಬೆಂಗಳೂರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದ. ಮೂರೇ ವಾರಕ್ಕೆ ಉತ್ತರ: ಖರ್ಚಿಗೆ ಬೇಕಾದಷ್ಟು ಹಣ ತೋರಿಸಿಲ್ಲ, ವೀಸಾ ಇಲ್ಲ.

"ತೋರಿಸಿಲ್ಲಾ? ಬಂದು ನೋಡ್ರಿ ಅನ್ನು! ಕುರಿ ರೊಪ್ಪದಾಗ ಬ್ಯಾ ಅಂತ ಅರಚ್ಕೋತ ನಿಂತಾವ!"

ಒಂದು ವಾರ ಮಾವನ ಸುಳಿವೇ ಇಲ್ಲ. ಆಮೇಲೆ ಹಲ್ಲು ಕಿರಿಯುತ್ತಾ ಬಂದು ಪಾಸ್‌ಬುಕ್ ನನ್ನ ಮುಂದೆ ಎಸೆದ. ತುಂಬಿ ತುಳುಕುತ್ತಿತ್ತು! ಒಂದು ಮರಿಯನ್ನೂ ಬಿಡದೆ ಅಷ್ಟೂ ಕುರಿಗಳನ್ನ ಮಡಕಶಿರಾ ಕಡೆಯ ಒಬ್ಬರಿಗೆ ಮಾರಿಬಿಟ್ಟಿದ್ದ. ನಾನು ಹಣೆ ಹಣೆ ಚಚ್ಚಿಕೊಂಡೆ. ಚಚ್ಚಿಕೊಂಡು ಎರಡನೇ ಅರ್ಜಿ ಹಾಕಿದೆ.

ಉತ್ತರ ಏನು ಗೊತ್ತಾ? ಇಷ್ಟು ಹಣ ಒಮ್ಮೆಲೇ ಎಲ್ಲಿಂದ ಬಂತೋ ತಿಳಿಯದು, ಊರಲ್ಲಿ ನಿಮಗೆ ಕಸುಬು ಇರುವಂತೆ ಕಾಣದು, ನೀವು ವಾಪಸ್ ಹೋಗ್ತೀರಿ ಅನ್ನೋ ನಂಬಿಕೆ ನಮಗಿಲ್ಲ!

"ರೊಕ್ಕ ಇಲ್ಲಂದ್ರ ಬರಬ್ಯಾಡ, ಇದ್ರ ಎಲ್ಲಿದು! ಇವರಿಗೆ ನಾನು ಹೆಂಗಿರಬೇಕವ್ವಾ?" ಅಂತ ಕೂಗಾಡಿದ. "ವಾಪಸ್ ಬರಲ್ಲಂತ! ಅಲ್ಲೇ ಕುಂತು ಏನ್ ಕಾಯಲಿ? ಹಿಮಾನಾ?"

ಅಷ್ಟರಲ್ಲಿ ಮಗಳಿಗೆ ಏಳು ತುಂಬಿತ್ತು. ಮಾವನ ದನಿ ಸಣ್ಣಗಾಗಿತ್ತು. ನಾನೇ ಗದರಿದೆ: "ಹೋಗು, ಮೊದಲು ಕುರಿ ವಾಪಸ್ ತಗೊಂಡು ಬಾ. ಇದ್ದದ್ದನ್ನ ಇದ್ದಂಗೇ ತೋರಿಸೋಣ."

ಟೆಂಪೋ ಮಾಡಿಕೊಂಡು ಮಡಕಶಿರಾಕ್ಕೆ ಓಡಿದ. ಆ ಪುಣ್ಯಾತ್ಮ ಕೊಟ್ಟಿದ್ದು ಎಂಬತ್ತೇ, ಅದೂ ಹೆಚ್ಚಿಗೆ ಹಣ ಕೊಟ್ಟ ಮೇಲೆ. ಅಷ್ಟನ್ನೂ ಮುಖ ನೋಡಿಯೇ ಆರಿಸಿಕೊಂಡು ಬಂದನಂತೆ! ಮಾರಿದ ಚೀಟಿ, ಕೊಂಡ ಚೀಟಿ, ಪಶುವೈದ್ಯರ ಕಾಗದ ಎಲ್ಲಾ ಜೋಡಿಸಿದೆ. ಫೋಟೋ ತೆಗೆಯೋವಾಗ "ಎಲ್ಲಾರ ಮುಖಾನೂ ಬರ್ಲಿ" ಅಂತ ಒಂದೇ ಹಟ. ಕೊನೆಗೆ ಒಂದು ಕಾಗದ ತಾನೇ ಹೇಳಿ ಬರೆಸಿದ: "ಮೂರು ತಿಂಗಳಿಗೆ ನನ್ನ ಕುರಿ ಮರಿ ಹಾಕ್ತಾವ. ನಾನು ಇಲ್ಲದಿದ್ರ ಆಗಂಗಿಲ್ಲ. ಅದಕ್ಕ ಬಂದೇ ಬರ್ತೀನಿ." ಅದನ್ನ ಹಾಗೇ ಇಂಗ್ಲಿಷಿಗೆ ಮಾಡಿ ಕಳಿಸಿದೆ.

ವೀಸಾ ಬಂತು! "ನೋಡಿದ್ಯಾ, ನನ್ನ ನಂಬಲಿಲ್ಲ, ಕುರಿ ನಂಬಿದ್ರು," ಅನ್ನುತ್ತಲೇ ವಿಮಾನ ಹತ್ತಿದ.

ಮೊನ್ನೆ ವಿಡಿಯೋ ಕಾಲ್ ಬಂತು. ಹಿಡಿದಿದ್ದವಳು ಮಗಳು. ಮಾವ ಬಚ್ಚಲಲ್ಲಿ ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದ. ನೀಡಿದ ಕಾಲ ಮೇಲೆ ಹತ್ತು ದಿನದ ಮೊಮ್ಮಗಳು ಬೋರಲು ಮಲಗಿದ್ದಳು. ಅಂಗೈಯಲ್ಲಿ ಮುಖಕ್ಕೆ ಆಸರೆ ಕೊಟ್ಟು ಬಿಸಿನೀರು ಹಾಕುತ್ತಿದ್ದ. ಕೂಸು ಕುಂಯ್ ಅನ್ನುತ್ತಿರಲಿಲ್ಲ.

"ಮಾವಾ, ಇದನ್ನ ಯಾವ ಸೂಲಗಿತ್ತಿ ಹತ್ರ ಕಲಿತೆ?" ಅಂತ ಕಿಚಾಯಿಸಿದೆ.

ತಲೆ ಎತ್ತಲಿಲ್ಲ. "ನಿಮ್ಮತ್ತಿ ಹೋದಾಗ ಈ ಕೂಸಿನವ್ವ ಒಂಬತ್ತು ದಿನದಾಕಿ. ಅಕಿಗೂ ನಾನೇ ಎರೆದೀನಿ."

ಅಜ್ಜಿಯೇ ಸಾಕಿದಳು ಅಂತ ನಾವೆಲ್ಲ ತಿಳಿದಿದ್ದೆವು. ಮಗಳೂ ಹಾಗೇ ತಿಳಿದಿದ್ದಳೇನೋ, ಫೋನು ಹಿಡಿದೇ ಅಪ್ಪನ ಪಕ್ಕ ಬಂದು ಕೂತಳು. ನನಗಂತೂ ಅಳು ತಡೆಯೋಕೆ ಆಗಲಿಲ್ಲ.

"ಅಪ್ಪಾ..." ಅಂದಳು ಅವಳು.

"ಆಮ್ಯಾಲ ಅಳುವಿಯಂತ," ಅಂದ ಮಾವ, "ಕೂಸಿಗೆ ಥಂಡಿ ಆಗ್ತದ, ಟವೆಲ್ ಕೊಡು."