ರೇಷ್ಮೆ ಸೀರೆಯಲ್ಲಿ ಸೋಸಿದ ನೀರು

ನೀರು ಸೋಸುವುದೇನು ಮಹಾ ವಿದ್ಯೆ! ಸರಿಯಾದ ಬಟ್ಟೆಯೊಂದು ಸಿಕ್ಕರೆ ಕಾವೇರಿಯನ್ನೇ ಸೋಸಿಬಿಡಬಹುದು ಎಂಬುದು ಆಗ ನನ್ನ ಅಚಲ ನಂಬಿಕೆ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಅಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮಳೆ ಹೊಡೆದು ನಮ್ಮ ಬಾವಿಯ ನೀರು ಕದಡಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಬರುವ ಭಾನುವಾರವೇ ನನ್ನ ತಂಗಿ ಪಾರ್ವತಿಯನ್ನು ನೋಡಲು ಯಳಂದೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

"ಬೀಗರಾಗೋರ್ಗೆ ಈ ನೀರ ಕೊಡಾದಾ?" ಎಂದಳು ನನ್ನ ಹೆಂಡತಿ ರಾಜಮ್ಮ. "ಪಕ್ಕದ್ಮನೆ ಬಾವಿಯಿಂದ ಎರಡು ಬಿಂದ್ಗೆ ತಕಂಡ್ ಬತ್ತೀನಿ ಬುಡಿ."

"ವಿಜ್ಞಾನ ಇರೋ ಮನೇಲಿ ಕಡ ತಂದ ನೀರೇ?" ಎಂದು ಗರ್ಜಿಸಿದೆ.

ಸೋಸುವ ಬಟ್ಟೆಯ ಆಯ್ಕೆಗೆ ಸಮಿತಿ ರಚನೆಯಾಯಿತು. ಸದಸ್ಯ ನಾನೇ. ಅಧ್ಯಕ್ಷನೂ ನಾನೇ!

ಮೊದಲು ನನ್ನ ಪಂಚೆ. ನೀರಿನೊಡನೆ ಮಣ್ಣೂ ಆರಾಮವಾಗಿ ಇಳಿದು ಬಂತು. ಪಂಚೆ ವಜಾ! ಆಮೇಲೆ ಅಂಗಡಿಯಿಂದ ತಂದ ಹೊಸ ಟವಲು. ನೀರೆಲ್ಲ ಗಂಜಿ. ವಜಾ! ಕೊನೆಗೆ ಕಂಬಳಿ. ನೀರು ತಿಳಿಯಾಯಿತು, ಸುಳ್ಳಲ್ಲ. ಆದರೆ ಬಾಯಿಗಿಟ್ಟ ಪಾರ್ವತಿ, "ಅಣ್ಣಾ, ಕುರಿ ಮೈ ತೊಳ್ದ ನೀರಿದ್ದಂಗದೆ!" ಎಂದು ಹಿತ್ತಲಿಗೆ ಓಡಿದಳು.

ಆಗ ಹೊಳೆಯಿತು. ರೇಷ್ಮೆ! ಊರಿಡೀ ಮಗ್ಗ ಸದ್ದು ಮಾಡುವ ಕೊಳ್ಳೇಗಾಲದಲ್ಲಿ ಕೂತು ಕಂಬಳಿ ಹಿಂಡುತ್ತಿದ್ದೆನಲ್ಲ! ರಾಜಮ್ಮನ ಪೆಟ್ಟಿಗೆಯಲ್ಲಿ ಒಂದು ಸಲವೂ ನೀರು ಕಾಣದ, ದಾಸವಾಳ ಕೆಂಪಿನ ಸೀರೆಯಿತ್ತು. ಸೆರಗನ್ನು ದೀಪಕ್ಕೆ ಹಿಡಿದು ಪರೀಕ್ಷಿಸಿದೆ. ಎಳೆಗಳ ನಡುವೆ ಸೂಜಿಮೊನೆಗೂ ಜಾಗವಿಲ್ಲ. ಭಾನುವಾರ ಬೆಳಿಗ್ಗೆ ಅವಳು ಒಬ್ಬಟ್ಟು ತಟ್ಟುತ್ತಿದ್ದಾಗ, ಸೀರೆಯನ್ನು ಮಡಿಸಿ ಮೂಲೆಯ ಮಣ್ಣಿನ ಗುಡಾಣದ ಬಾಯಿಗೆ ಬಿಗಿದು ನೀರು ಸುರಿದೆ. ಹನಿಹನಿಯಾಗಿ ಇಳಿಯಿತು. ಕತ್ತಲೆ ಮೂಲೆ; ಒಳಗೆ ಬಗ್ಗಿ ಯಾರು ನೋಡಬೇಕು? ವಿಜ್ಞಾನ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ!

ಮಧ್ಯಾಹ್ನ ಗಂಡಿನ ಕಡೆಯವರು ಬಂದು ಜಗಲಿಯ ಮೇಲೆ ಕೂತರು. ಹುಡುಗ ನಂಜುಂಡ, ಅವನ ತಂದೆ ಮಾದಪ್ಪನವರು. ಮಾದಪ್ಪನವರದು ಬೆಳ್ಳನೆಯ ಜುಬ್ಬ, ಅದಕ್ಕಿಂತ ಬೆಳ್ಳನೆಯ ಗಿರಿಜಾ ಮೀಸೆ. ಒಳಗಿನಿಂದ ರಾಜಮ್ಮ ಪಿಸುಗುಟ್ಟಿದಳು:

"ರೀ, ನನ್ ರೇಸ್ಮೆ ಸೀರೆ ಎಲ್ರೀ?"

"ಡ್ಯೂಟೀಲಿದೆ" ಎಂದು ಹೇಳಿ, ಸೀರೆಯ ಒಂದಂಚು ಸರಿಸಿ, ಹಿತ್ತಾಳೆ ಚೊಂಬಿನ ತುಂಬ ಗುಡಾಣದ ನೀರು ಮೊಗೆದು ನಾನೇ ತಂದುಕೊಟ್ಟೆ.

ಮಾದಪ್ಪನವರು ಚೊಂಬನ್ನು ಮೇಲೆತ್ತಿ ಧಾರೆಯಾಗಿ ಬಾಯಿಗೆ ಸುರಿದುಕೊಂಡರು. ಬಿಸಿಲಿಗೆ ಧಾರೆ ಹೊಳೆಯಿತು. ಗುಲಾಬಿ ಬಣ್ಣದಲ್ಲಿ! ಅರ್ಧ ಬಾಯಿಗೆ ಹೋಯಿತು. ಉಳಿದರ್ಧ ಮೀಸೆಗೆ, ಜುಬ್ಬಕ್ಕೆ.

"ಪಾನಕ ಮಾಡಿದ್ದರಾ ಮೇಷ್ಟ್ರೇ?" ಎಂದರು ಚಪ್ಪರಿಸುತ್ತ. "ಬೆಲ್ಲ ಆಕಾದ ಮರ್ತ್ಬುಟ್ಟಿದ್ದರಿ."

"ಅದು ನೀರು... ಶುದ್ಧೀಕರಿಸಿದ್ದು" ಎಂದೆ.

ಅವರು ಜುಬ್ಬ ನೋಡಿಕೊಂಡರು. ಮೀಸೆ ಅವರಿಗೆ ಕಾಣಲಿಲ್ಲ, ನಮಗೆಲ್ಲ ಕಂಡಿತು. ಮಳೆಯಲ್ಲಿ ನೆಂದ ಕಣಗಿಲೆ ಹೂವಿನಂತೆ ತೊಟ್ಟಿಕ್ಕುತ್ತಿತ್ತು! ಅಷ್ಟರಲ್ಲಿ ಒಳಗಿನಿಂದ ಚೀತ್ಕಾರ: "ಅಯ್ಯಯ್ಯೋ, ಗುಡಾಣದ ಮ್ಯಾಲೆ ನನ್ ಮದ್ವೆ ಸೀರೆ!"

ತಂಗಿಯ ಸಂಬಂಧ ಮುರಿದೇ ಹೋಯಿತು ಎಂದುಕೊಂಡೆ. ಬಾಗಿಲ ಮರೆಯಲ್ಲಿ ನಾಚಿ ನಿಂತಿರಬೇಕಾಗಿದ್ದ ಪಾರ್ವತಿ ಕಿಸಕ್ಕೆಂದಳು. ಬಾಯಿಗೆ ಸೆರಗು ತುರುಕಿದರೂ ನಗು ನಿಲ್ಲಲಿಲ್ಲ. ಅದನ್ನು ಕೇಳಿ, ಅಲ್ಲಿಯತನಕ ತುಟಿ ಕಚ್ಚಿಕೊಂಡಿದ್ದ ನಂಜುಂಡ ಹೊಟ್ಟೆ ಹಿಡಿದು ಜಗಲಿಯಿಂದ ಕೆಳಗೇ ಉರುಳಿದ!

ಮಾದಪ್ಪನವರು ಕನ್ನಡಿ ತರಿಸಿ, ಮೀಸೆ ತಿರುವಿ ನೋಡಿಕೊಂಡರು.

"ಮೀಸ್ಗೆ ಬಣ್ಣ ಆಕಳಿ ಅಂತ ಮನೇಲಿ ದಿನಾ ಕಾಟ" ಎಂದರು ಗಂಭೀರವಾಗಿ. "ಈ ಬಣ್ಣ ಅಂತ ಏಳಿರ್ಲಿಲ್ಲ ಕಣಪ್ಪ." ಆಮೇಲೆ ತಾವೂ ನಗತೊಡಗಿದರು. "ಇಂಗೆ ನಗಾ ಎಣ್ಣು ನಮ್ಮನ್ಗೆ ಬೇಕು ಮೇಷ್ಟ್ರೇ. ಮಾತು ಮುಗೀತು!"

ಮದುವೆ ಯಳಂದೂರಿನಲ್ಲಾಯಿತು. ರಾಜಮ್ಮ ಹೊಸ ಸೀರೆಯುಟ್ಟು, ನನ್ನೊಡನೆ ಮಾತು ಬಿಟ್ಟು ಬಂದಳು. ಅಲ್ಲಿ ಕಂಡವರೆಲ್ಲ, "ಇವ್ರೇ ಅಲ್ವಾ ಆ ಮೇಷ್ಟ್ರು?" ಎಂದು ನನ್ನನ್ನು ತೋರಿಸುತ್ತಿದ್ದರು. ನನ್ನ ವಿದ್ವತ್ತು ಕೊಳ್ಳೇಗಾಲ ದಾಟಿ ಇಲ್ಲಿಗೂ ತಲುಪಿದೆಯಲ್ಲ ಎಂದು ಉಬ್ಬಿಹೋದೆ. ಊಟದ ಹೊತ್ತಿಗೆ, ಹುಡುಗಿಯ ಅಣ್ಣನೆಂಬ ಹೊಣೆಯಿಂದ ಜಗ್ಗು ಹಿಡಿದು, "ನೀರು, ನೀರು" ಎನ್ನುತ್ತ ಪಂಕ್ತಿಗೆ ಇಳಿದೆ.

ಸಾಲಿಗೆ ಸಾಲೇ ಲೋಟಗಳ ಮೇಲೆ ಅಂಗೈ ಮುಚ್ಚಿಕೊಂಡಿತು!