ಕೆಳಮೂಲೆಯ ಬಿಳಿಮನೆಗಾಗಿ ನಡೆದ ಮಹಾಸಮರ

ಚಕ್ರವರ್ತಿಗಳು ಅಳಿದು, ಸಾಮ್ರಾಜ್ಯಗಳು ಪಠ್ಯಪುಸ್ತಕದ ಐದು ಅಂಕದ ಪ್ರಶ್ನೆಗಳಾಗಿ ಕುಗ್ಗಿ, ರಿಪುರುಧಿರಸ್ನಾತ ಖಡ್ಗಗಳೆಲ್ಲ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ತುಕ್ಕು ಹಿಡಿದು ಮಲಗಿರುವ ಈ ಯುಗದಲ್ಲಿ, ವೀರರಸವು ಭೂಮಂಡಲದಿಂದ ಕಾಲ್ತೆಗೆಯಿತೆಂದು ಯಾರಾದರೂ ನಿಟ್ಟುಸಿರಿಟ್ಟರೆ, ಅಂಥವರು ಭಾನುವಾರ ಮುಂಜಾನೆ ಏಳಕ್ಕೆ ‘ಚೌಕಮಂಡಳಿ’ಯೆಂಬ ವಾಟ್ಸಾಪ್ ಗುಂಪಿನೊಳಗೆ ಒಮ್ಮೆ ಇಣುಕಿ ನೋಡಲಿ. ಅಲ್ಲಿ ನಲವತ್ತೊಂದು ಮಂದಿ ಪದಬಂಧಪ್ರವೀಣರು, ನಲವತ್ತೊಂದು ಬೇರೆ ಬೇರೆ ಅಡುಗೆಮನೆ ಪಡಸಾಲೆಗಳಲ್ಲಿ, ಹಲ್ಲುಜ್ಜಿಯೋ ಉಜ್ಜದೆಯೋ, ಒಂದೇ ರಣಾಂಗಣದತ್ತ ಕಣ್ಣು ನೆಟ್ಟಿರುತ್ತಾರೆ.

ಕಪ್ಪುಬಿಳುಪಿನ ಚತುರಸ್ರಗಳಲ್ಲಿ ನೆಲೆಸಿ, ಅಡ್ಡಕ್ಕೂ ಉದ್ದಕ್ಕೂ ಸಮನಾಗಿ ಹರಿಯುವ ಅಕ್ಷರದೇವತೆಯೇ, ಬಂದು ನನ್ನ ನಾಲಿಗೆಯ ಮೇಲೆ ಕುಳಿತುಕೋ. ನಾಲಿಗೆಯ ತುದಿಯಲ್ಲಿ ಮಾತ್ರ ಬೇಡ. ಅಲ್ಲಿ ಕುಳಿತ ಪದಗಳು ಸಮಯಕ್ಕೆ ಹೊರಬಂದದ್ದಿಲ್ಲವೆಂಬುದು ಈ ಮಂಡಳಿಯ ಪ್ರತಿಯೊಬ್ಬರ ಕಹಿ ಅನುಭವ. ನಡುವೆ ಕುಳಿತು, ದಾವಣಗೆರೆಯ ಕುಮುದ್ವತಿಯ ಐವತ್ತೆರಡನೆಯ ಭಾನುವಾರದ ಕಥೆಯನ್ನು ನುಡಿಸು.

ಕುಮುದ್ವತಿಯಾದರೋ ಸಂದೇಹಸಾಗರಸಂಚಾರಿಣಿ, ತ್ರಿವಾರಪರಿಶೀಲನವ್ರತಧಾರಿಣಿ. ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ವರದಿ ಬೆರಳಚ್ಚಿಸುವ ಕೆಲಸ ಆಕೆಯದು. ಒಂದು ಚುಕ್ಕೆ ಅತ್ತಿತ್ತ ಸರಿದರೆ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಸಕ್ಕರೆ ಕಾಯಿಲೆಯವನಾಗಿ ಮನೆಗೆ ಹೋಗುತ್ತಾನೆಂಬ ಭಯದಲ್ಲಿ ಪ್ರತಿ ಅಂಕಿಯನ್ನೂ ಮೂರು ಸಲ ನೋಡುವವಳು. ಗ್ಯಾಸಿನ ಗುಂಡಿಯನ್ನೂ ಹಾಗೆಯೇ, ಬಾಗಿಲ ಬೀಗವನ್ನೂ ಹಾಗೆಯೇ.

ಇಂಥವಳಿಗೆ ಮಂಡಳಿಯ ಸಂಪ್ರದಾಯ ಹೇಳಿ ಹೊಲಿಸಿದಂತಿತ್ತು. ಅಲ್ಲಿನ ಸದಸ್ಯರು ಎರಡು ವರ್ಣದವರು: ಪೆನ್ನಿನವರು, ಪೆನ್ಸಿಲಿನವರು. ಪೆನ್ಸಿಲಿನವರು ತಮ್ಮ ಪ್ರತಿ ಉತ್ತರದ ಕೊನೆಗೂ ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು. ಇಂದು ಬರೆದದ್ದು ನಾಳೆ ಅಳಿಸಬಹುದೆಂಬ ವಿನಯದ ಗುರುತು ಅದು. ವಾರಕ್ಕೊಂದಾದರೂ ಉತ್ತರ ಕೊಟ್ಟು, ಸತತ ಐವತ್ತೆರಡು ಭಾನುವಾರ ಒಂದೂ ತಪ್ಪಾಗದಿದ್ದರೆ ಗುಂಪಿನ ವಿವರದಲ್ಲಿ ಅಡ್ಮಿನ್ ಬರೆದಿಟ್ಟ ಸದಸ್ಯಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಪುಟ್ಟ ಪೆನ್ನಿನ ಚಿತ್ರ ಬರುತ್ತದೆ. ಆ ಕ್ಷಣದಿಂದ ಪ್ರಶ್ನೆಚಿಹ್ನೆಯಿಂದ ಮುಕ್ತಿ. ತಪ್ಪಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಕುಮುದ್ವತಿ ಹಿಂದೊಮ್ಮೆ ನಲವತ್ತೊಂಬತ್ತನೆಯ ವಾರದಲ್ಲಿ ಜಾರಿ ಬಿದ್ದಿದ್ದಳು. ಮೂರು ವರ್ಷದ ಪೆನ್ಸಿಲ್ ಬದುಕು ಎಷ್ಟು ಅಭ್ಯಾಸವಾಗಿತ್ತೆಂದರೆ, ಬೆಳಿಗ್ಗೆ ಗುಂಪಿಗೆ ಆಕೆ ಕಳಿಸುತ್ತಿದ್ದುದು ‘ಶುಭೋದಯ?’ ಎಂದೇ. ಜೀವಮಾನದಲ್ಲಿ ಒಂದೇ ಒಂದು ಮಾತನ್ನಾದರೂ ಆ ಕೊಕ್ಕೆಯಿಲ್ಲದೆ ಬರೆಯಬೇಕೆಂಬುದು ಆಕೆಯ ಹಂಬಲ. ಐವತ್ತೊಂದು ವಾರ ದಾಟಿತ್ತು. ಉಳಿದದ್ದು ಈ ಒಂದು ಭಾನುವಾರ.

ಇನ್ನೊಂದು ಭಾರವೂ ಆಕೆಯ ಹೆಗಲ ಮೇಲಿತ್ತು. ಮಂಡಳಿಯವರು ಬಿಡಿಸುವ ಪದಬಂಧ ಅಚ್ಚಾಗುವುದು ‘ಭಾನುದೀಪ’ವೆಂಬ ವಾರಪತ್ರಿಕೆಯಲ್ಲಿ. ಅದು ದಾವಣಗೆರೆಯ ಗಡಿ ದಾಟುವುದಿಲ್ಲ. ಚೌಕದಲ್ಲಿ ಎಷ್ಟು ಅಕ್ಷರವೆಂದು ಸುಳಿವಿನ ಪಕ್ಕದಲ್ಲಿ ತಿಳಿಸುವುದು ಹೇಡಿಗಳ ಲಕ್ಷಣವೆಂದು ಅದರ ಸಂಪಾದಕರ ನಂಬಿಕೆ. ಆದ್ದರಿಂದ ಕುಮುದ್ವತಿ ಪತ್ರಿಕೆಯನ್ನು ಮಡಚಿ, ಒತ್ತಿ, ಬೆಳಕಿಗೆ ಹಿಡಿದು ತೆಗೆದ ಫೋಟೋವೇ ಉಳಿದ ನಲವತ್ತು ಮಂದಿಗೆ ಭೂಮಿ, ಆಕಾಶ ಮತ್ತು ಕುರುಕ್ಷೇತ್ರ.

ಏಳು ಗಂಟೆಗೆ ಫೋಟೋ ಬಂತು. ಏಳೂಕಾಲಕ್ಕೆ ಬಾಣಗಳು ಹಾರತೊಡಗಿದವು. ಧಾರವಾಡದ ತುಂಗಾಬಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಮಂಡಳಿಯ ಅಡ್ಮಿನ್, ಆಜ್ಞಾಘೋಷಭಯಂಕರಿ, ಆರು ಉತ್ತರಗಳನ್ನು ಒಂದೇ ಉಸಿರಿಗೆ ನೆಟ್ಟರು. ತುಮಕೂರಿನ ದರ್ಜಿ ಜಬೀವುಲ್ಲಾ, ಸೂಚೀಸೂತ್ರಧುರಂಧರ, ಹೊಲಿಗೆ ಯಂತ್ರ ನಿಲ್ಲಿಸದೆಯೇ ಮೂರು ಹೊಡೆದ. ಹತ್ತರ ಹೊತ್ತಿಗೆ ಇಡೀ ಚೌಕ ವಶವಾಗಿ, ಬಲಗಡೆಯ ಕೆಳಮೂಲೆಯೊಂದು ಮಾತ್ರ ಅಜೇಯ ದುರ್ಗದಂತೆ ಉಳಿಯಿತು. ಕೊನೆಯ ಸಾಲಿನಲ್ಲಿ ಅಡ್ಡಕ್ಕೆ ನಾಲ್ಕು ಮನೆ. ಸುಳಿವು, ‘ಆನೆಯ ಚಾಲಕ’. ಬಲ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಐದು ಮನೆ. ಸುಳಿವು, ‘ಮದುವೆಮನೆಯಲ್ಲಿ ಊದುವುದು’. ಎರಡೂ ಬಂದು ಕೂಡುವುದು ಆ ಮೂಲೆಯ ಒಂದೇ ಒಂದು ಬಿಳಿಮನೆಯಲ್ಲಿ.

ಅಷ್ಟರವರೆಗೂ ಒಂದೂ ಉತ್ತರ ಕೊಡದೆ, ಇಂದು ಖಚಿತವಾದದ್ದು ಸಿಕ್ಕರೆ ಮಾತ್ರ ಬಾಯಿ ತೆರೆಯುವೆನೆಂದು ಹೊಂಚಿ ಕುಳಿತಿದ್ದ ಕುಮುದ್ವತಿ, ಕಣ್ಣು ಮುಚ್ಚಿ, ಮೂರು ಸಲ ಎಣಿಸಿ, ಹೆಬ್ಬೆರಳನ್ನು ಅಸ್ತ್ರದಂತೆ ಮೇಲೆತ್ತಿ ಬಿಟ್ಟಳು:

“ಮಾವುತರು?”

ಮರುಕ್ಷಣವೇ, ಪಶ್ಚಿಮ ಸಮುದ್ರದ ಕಡೆಯಿಂದ ಗುಡುಗು. ಕುಂದಾಪುರದ ವಿಶ್ವಂಭರ ಉಡುಪರು, ನಿವೃತ್ತ ಪಶುವೈದ್ಯರು, ಒಂಬತ್ತು ವರ್ಷಗಳಿಂದ ಪೆನ್ನಿನವರು, ಪ್ರಶ್ನಚಿಹ್ನಾಪರಿಚಿತ ಮಹಾರಥಿಗಳು, ಅದೇ ಗಳಿಗೆಯಲ್ಲಿ ಮೇಲಿಂದ ಕೆಳಕ್ಕೆ ಇಳಿಸಿದ್ದರು:

“ಮಂಗಳವಾದ್ಯ.”

ಅಯ್ಯೋ! ಒಂದು ಮನೆಗೆ ಇಬ್ಬರು ಒಡೆಯರು. ಅಡ್ಡದಿಂದ ಬಂದ ‘ರು’ವಿಗೂ ಮೇಲಿಂದ ಇಳಿದ ‘ದ್ಯ’ಕ್ಕೂ ಆ ಚೌಕದ ಹೊಸ್ತಿಲಲ್ಲಿ ತಲೆಗೆ ತಲೆ ಡಿಕ್ಕಿ. ಒಂದು ಉಳಿಯಬೇಕಾದರೆ ಇನ್ನೊಂದು ಅಳಿಯಬೇಕು. ಕುಮುದ್ವತಿ ತಪ್ಪಿದರೆ ಐವತ್ತೊಂದು ವಾರಗಳು ಸೊನ್ನೆ. ಉಡುಪರು ತಪ್ಪಿದರೆ ಒಂಬತ್ತು ವರ್ಷದ ಪೆನ್ನು ಮುರಿದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪೆನ್ಸಿಲು. ಹೆಬ್ಬೆರಳ ಚಿತ್ರವನ್ನಷ್ಟೇ ಕಳಿಸಿ ಬದುಕುವ ಮಿಕ್ಕ ಮೂವತ್ತೇಳು ಮಂದಿಯ ಅಕ್ಷೌಹಿಣಿ ಕ್ಷಣಾರ್ಧದಲ್ಲಿ ಇಬ್ಭಾಗವಾಯಿತು.

ಉಡುಪರು ಟೈಪ್ ಮಾಡುವವರಲ್ಲ. ರಣಭೇರಿಯಂತೆ ಅವರ ಧ್ವನಿಸಂದೇಶ ಮೊಳಗಿತು:

“ಕೇಳಿ ಎಲ್ಲ! ನಲವತ್ತು ವರ್ಷ ನಾನು ದನ, ಎಮ್ಮೆ, ಒಮ್ಮೆ ಸರ್ಕಸ್ಸಿನ ಒಂಟೆಗೂ ಮದ್ದು ಕೊಟ್ಟವ. ಎಂತಹ ಹೋರಿ ಬಂದ್ರೂ ಹಿಂದೆ ಸರಿದವ ಅಲ್ಲ. ಮತ್ತೆ ಈಗ ಒಂದು ‘ರು’ ನೋಡಿ ಓಡ್ಲಿಕ್ಕುಂಟಾ? ಐದರಲ್ಲಿ ಎರಡನೇ ಅಕ್ಷರ ‘ಗ’ ಅಂತ ಆಗ್ಲೇ ಬಂದಾಗಿದೆ. ಮಂಗಳವಾದ್ಯ! ಸುಳಿವಿನಲ್ಲಿ ಚಾಲಕ ಅಂತ ಉಂಟು, ಚಾಲಕರು ಅಂತ ಇಲ್ಲ. ಒಂದು ಆನೆಗೆ ಎಷ್ಟು ಜನ ಮಾವುತರು ಮಾರಾಯ್ರೆ? ಅದೆಂತ ಟೆಂಪೋವಾ, ಕ್ಲೀನರ್ ಬೇರೆ ಇಡ್ಲಿಕ್ಕೆ?”

ಮೂಲೆಗೆ ಒತ್ತಲ್ಪಟ್ಟ ಧೇನು ಕೊಂಬು ತಗ್ಗಿಸುವಂತೆ, ಕುಮುದ್ವತಿಯೂ ಧ್ವನಿಗುಂಡಿಯನ್ನು ಒತ್ತಿ ಹಿಡಿದಳು:

“ಸರ್, ಒಬ್ಬರೇ ಅಂತಾನೇ ಇಟ್ಕಳ್ರಿ? ಆದ್ರೂ ಅಷ್ಟು ದೊಡ್ಡ ಪ್ರಾಣಿ ಮೇಲೆ ಕೂತಿರೋರಿಗೆ ಮರ್ಯಾದಿ ಕೊಡಬೇಕಲ್ವಾ? ನೀವು ಇಂಜೆಕ್ಷನ್ ಮಾಡೋವಾಗ ಜನ ಡಾಕ್ಟ್ರು ಬಂದ್ರು ಅಂತಿದ್ರೋ, ಡಾಕ್ಟರ್ ಬಂದ ಅಂತಿದ್ರೋ?”

ಗುಂಪಿನಲ್ಲಿ ಹಾಹಾಕಾರ. ಜಬೀವುಲ್ಲಾ ಬರೆದ: “ಅಕ್ಕಾ, ಪೆನ್ಸಿಲಲ್ಲೇ ಹಿಂಗೆ ಚುಚ್ತೀರಾ, ಇನ್ನು ಪೆನ್ನು ಕೊಟ್ರೆ ನಮ್ ಗತಿ ಏನು?”

“ಸುಮ್ನಿರೋ ಜಬೀ,” ಎಂದರು ತುಂಗಾಬಾಯಿ. “ಉಡುಪರ, ನೀವೂ ಒದರಬ್ಯಾಡ್ರಿ. ಹನ್ನೆರಡು ಹೊಡಿಯೂದ್ರಾಗ ಚೌಕ ಮುಗೀಬೇಕು, ಇದು ನಮ್ಮ ನೇಮ. ಇಬ್ರೂ ಮತ್ತೊಮ್ಮೆ ವಿಚಾರ ಮಾಡ್ರಿ. ಯಾರರೆ ಒಬ್ರು ಹಿಂದ ಸರೀರಿ.”

ಯಾರೂ ಸರಿಯಲಿಲ್ಲ. ಹತ್ತೂವರೆಗೆ ಉಡುಪರ ಪಕ್ಷದವರು ನಿಘಂಟಿನ ಪುಟಗಳ ಫೋಟೋಗಳನ್ನು ಶರವರ್ಷದಂತೆ ಸುರಿಸಿದರು. ಕುಮುದ್ವತಿಯ ಪಕ್ಷದವರು ಅಂಬಾರಿ ಹೊತ್ತ ಆನೆಯ ಚಿತ್ರ ಹಾಕಿ, ಮೇಲೆ ಕುಳಿತವರನ್ನು ಕೆಂಪು ವೃತ್ತದಲ್ಲಿ ಸುತ್ತಿದರು. ಯಾರೋ ತಮ್ಮ ಮಗಳ ಮದುವೆಯ ವಿಡಿಯೋ ಕಳಿಸಿ ವಾದ್ಯ ಎಲ್ಲಿದೆ ನೋಡಿರೆಂದರು. ಅದರಲ್ಲಿ ಬ್ಯಾಂಡ್‌ಸೆಟ್ ಮಾತ್ರ ಇತ್ತು. ಇಬ್ಬರು ಗುಂಪು ಬಿಟ್ಟರು. ಒಬ್ಬರು, ಬಿಟ್ಟದ್ದು ಯಾರಿಗೂ ಕಾಣಲಿಲ್ಲವೇನೋ ಎಂಬ ಚಿಂತೆಯಿಂದ, ಮರಳಿ ಬಂದು ಇನ್ನೊಮ್ಮೆ ಬಿಟ್ಟರು.

ಅತ್ತ ಅಡುಗೆಮನೆಯಿಂದ ಕುಮುದ್ವತಿಯ ಪತಿ ಮಲ್ಲೇಶಪ್ಪ, ಸಮರಗಳಿಗೆ ಸದಾ ಕಿವುಡನಾದ ಶಾಂತಿಪ್ರಿಯ, ಕೂಗಿದ: “ಏನೇ, ಮಂಡಕ್ಕಿ ಮೆತ್ತಗಾಗೋದ್ವು ನೋಡು! ಒಗ್ಗರಣೆ ಹಾಕಿ ಎಷ್ಟೊತ್ತಾತು!”

“ನೀವು ತಿನ್ರೀ?” ಎಂದಳು ಕುಮುದ್ವತಿ.

“ನನ್ನ ಕೇಳ್ತೀಯೋ, ಹೇಳ್ತೀಯೋ?” ಎಂದು ಗೊಣಗಿ ಆತ ಎರಡನೆಯ ತಟ್ಟೆಗೂ ಕೈಹಾಕಿದ.

ಹನ್ನೊಂದೂ ಇಪ್ಪತ್ತು. ಯುದ್ಧವು ಇತ್ತಲೂ ಬಾಗದೆ ಅತ್ತಲೂ ಬಾಗದೆ ನಿಂತಿರುವಾಗ, ಜಬೀವುಲ್ಲಾನಿಂದ ಧ್ವನಿಸಂದೇಶವೊಂದು ಬಂತು. ಯಂತ್ರದ ಸದ್ದು ನಿಂತಿತ್ತೆಂಬುದೇ ಅದರ ಗಾಂಭೀರ್ಯಕ್ಕೆ ಸಾಕ್ಷಿ.

“ಒಂದ್ನಿಮಿಷ. ನಾನು ಬಟ್ಟೆ ಕತ್ತರಿಸೋನು, ನಂಗೆ ಕಣ್ಣಲ್ಲೇ ಅಳತೆ. ಪ್ರತಿ ವಾರ ಈ ಚೌಕ ಎಡತೋಳು ಬಲತೋಳು ಇದ್ದಂಗೆ ಇರ್ತದೆ. ಮೇಲಿನ ಎಡಮೂಲೆ ಕಪ್ಪು ಇದ್ರೆ ಕೆಳಗಿನ ಬಲಮೂಲೇನೂ ಕಪ್ಪು. ಈ ವಾರ ಮೇಲಿನ ಎಡಮೂಲೆ ಕಪ್ಪೈತೆ. ಕೆಳಗೆ ಬಿಳಿ. ಒಂದು ತೋಳು ಉದ್ದ ಆಗೋಗಿದೆ. ಕುಮುದಕ್ಕಾ, ಒಂದ್ಸಲ ಪೇಪರ್ ನೋಡ್ತೀರಾ?”

ಕುಮುದ್ವತಿ ಎದ್ದಳು. ದಿವಾನದ ಮೇಲೆ ಮಡಚಿ ಬಿದ್ದಿದ್ದ ‘ಭಾನುದೀಪ’ವನ್ನು, ಗಾಯಾಳುವನ್ನು ಎತ್ತುವ ಮೃದುತ್ವದಿಂದ ಎತ್ತಿ ಕಿಟಕಿಯ ಬಳಿಗೆ ಒಯ್ದಳು. ಕೆಳಮೂಲೆಯ ಬಿಳಿಮನೆ ಅಲ್ಲಿಯೇ ಇತ್ತು. ಬೆರಳಿನಿಂದ ಮುಟ್ಟಿದಳು. ಬಿಳಿಮನೆ ಅಲುಗಾಡಿತು. ಉಗುರಿನಿಂದ ತಳ್ಳಿದಳು. ಬಿಳಿಮನೆ ಎದ್ದು ಅಂಗೈಗೆ ಬಂತು.

ಅದರ ಕೆಳಗೆ, ಕಾರ್ಗಾಲದ ಮುಗಿಲಿನಂತೆ, ಕಡುಗಪ್ಪು ಚೌಕ.

ಆಕೆಗೆ ಎಲ್ಲವೂ ತಿಳಿಯಿತು. ಮುಂಜಾನೆ ತಿಂಡಿಯ ಒಗ್ಗರಣೆಗೆಂದು ಡಬ್ಬಿಯಿಂದ ಮಂಡಕ್ಕಿ ಅಳೆಯುವಾಗ ಉಬ್ಬಿದ ಬಿಳಿಯ ಕಾಳೊಂದು ಹಾರಿ ಪತ್ರಿಕೆಯ ಮೇಲೆ ಬಿದ್ದಿದೆ. ತಾನೇ ಮಡಚಿದ್ದೇನೆ. ಫೋಟೋ ಸ್ಪಷ್ಟವಾಗಿ ಬರಲಿ ಎಂಬ ಎಚ್ಚರದಿಂದ ತಾನೇ ಅಂಗೈಯಲ್ಲಿ ಒತ್ತಿದ್ದೇನೆ, ಒಮ್ಮೆಯಲ್ಲ, ಮೂರು ಸಲ. ಅಪ್ಪಚ್ಚಿಯಾಗಿ, ಚಪ್ಪಟೆಯಾಗಿ, ಅಂಚಿಗೆ ಅಂಚು ಕೂಡಿಸಿ ಅದು ಆ ಮನೆಯಲ್ಲಿ ಸಂಸಾರ ಹೂಡಿದೆ. ಇಲ್ಲದ ಮನೆಗಾಗಿ ಎರಡು ಸೇನೆಗಳು ಒಂದು ಗಂಟೆಗೂ ಮೀರಿ ಕಾದಾಡಿವೆ. ಆನೆಯ ಚಾಲಕ ಬರಿಯ ಮಾವುತ, ಮೂರೇ ಮನೆ. ಮದುವೆಮನೆಯಲ್ಲಿ ಊದುವುದು ನಾಗಸ್ವರ, ನಾಲ್ಕೇ ಮನೆ. ತಾನೂ ತಪ್ಪು, ಉಡುಪರೂ ತಪ್ಪು. ಒಂಬತ್ತು ವರ್ಷದ ಪೆನ್ನೊಂದನ್ನು ಮುರಿದದ್ದು ತನ್ನ ಡಬ್ಬಿಯ ಮಂಡಕ್ಕಿ.

ಆಗ ಆಕೆಯ ಎದೆಯೊಳಗೆ, ಹೊರಗಿನದಕ್ಕಿಂತ ಘೋರವಾದ ಯುದ್ಧ ನಡೆಯಿತು. ಕಾಳನ್ನು ಕಿಟಕಿಯಿಂದ ಊದಿಬಿಟ್ಟರೆ ಮುಗಿಯಿತು. ಬೆರಳು ಟೈಪಿಸಿತು: ‘ಮುದ್ರಣದೋಷ ಇರಬಹುದು?’ ಅದನ್ನು ನೋಡಿದಳು. ಮೂರು ಸಲ ನೋಡಿದಳು. ಮೂರನೆಯ ಸಲ ನೋಡುವಾಗ, ಕಂಡರಿಯದ ಸಂಪಾದಕರು ಕನ್ನಡಕ ತೆಗೆದು ತನ್ನತ್ತ ದಿಟ್ಟಿಸಿದಂತಾಯಿತು. ಅಳಿಸಿದಳು. ಹನ್ನೊಂದೂ ನಲವತ್ತೆಂಟಕ್ಕೆ, ಮಂಡಳಿಯ ಇತಿಹಾಸದಲ್ಲಿ ಮೊದಲ ಬಾರಿಗೆ, ಕುಮುದ್ವತಿಯಿಂದ ಇಂಥದೊಂದು ಸಂದೇಶ ಬಂತು:

“ಅದು ಮಂಡಕ್ಕಿ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಬಳಿಕ ಆಕೆ ಕಪ್ಪು ಚೌಕದ ಹೊಸ ಫೋಟೋ ಹಾಕಿ, ನಡೆದದ್ದನ್ನೆಲ್ಲ ಬರೆದಳು: ಡಬ್ಬಿ, ಹಾರಿದ ಕಾಳು, ಮೂರು ಸಲದ ಒತ್ತು. ತಪ್ಪು ತನ್ನದೇ ಎಂದಳು. ಆ ವಾಕ್ಯಕ್ಕೂ ಪ್ರಶ್ನೆಚಿಹ್ನೆ ಇರಲಿಲ್ಲ.

“ಖರೇನ?” ಎಂದರು ತುಂಗಾಬಾಯಿ. “ಮಂಡಕ್ಕಿನೇ ಅಂತ ಖಾತ್ರಿ ಏನು? ಸುಣ್ಣದ ಚಕ್ಕಿ ಇರಬಹುದಲ್ಲಾ?”

“ಮಂಡಕ್ಕಿನೇ,” ಎಂದು ಬರೆದಳು ಕುಮುದ್ವತಿ. “ತಿಂದು ನೋಡಿದೆ.”

ಅನಂತರ ಎದ್ದ ನಗೆಯ ಪ್ರವಾಹವನ್ನು ವರ್ಣಿಸಲು ಆದಿಶೇಷನಿಗೂ ನಾಲಿಗೆ ಸಾಲವು. ಅಳುವಷ್ಟು ನಗುವ ಮುಖಗಳು ಪರದೆಯ ಮೇಲೆ ಸಾಲುಸಾಲಾಗಿ ಉರುಳಿದವು. ಗುಂಪು ಬಿಟ್ಟವರಿಬ್ಬರೂ ಕೊಂಡಿ ಕೇಳಿ ಮರಳಿ ಬಂದರು. ಜಬೀವುಲ್ಲಾ ಮಾತ್ರ ಗಂಭೀರವಾಗಿ, “ಖಾರ ಹಾಕಿತ್ತಾ?” ಎಂದು ವಿಚಾರಿಸಿದ.

ಹನ್ನೊಂದೂ ಐವತ್ತನಾಲ್ಕು. ತುಂಗಾಬಾಯಿಯವರು ತೀರ್ಪಿತ್ತರು: “ಮಂಡಕ್ಕಿ ಮ್ಯಾಲೆ ಕಟ್ಟಿದ ಉತ್ತರ, ತಪ್ಪೂ ಅಲ್ಲ, ಸರೀನೂ ಅಲ್ಲ. ಉಡುಪರ ಪೆನ್ನು ಉಳೀತು. ಕುಮುದಾ, ನಿಂದೂ ಸೊನ್ನಿ ಆಗೂದಿಲ್ಲ. ಆದ್ರ ಈ ವಾರ ನಿಂದೊಂದು ಸರಿ ಉತ್ತರ ಬೇಕಲ್ಲವಾ. ಚೌಕದಾಗ ಇನ್ನೇನೂ ಉಳಿದಿಲ್ಲ. ಏನು ಮಾಡೂಣು?”

ಆಗ ಪಶ್ಚಿಮದ ಗುಡುಗು ಮತ್ತೆ ಕೇಳಿಸಿತು, ಈ ಬಾರಿ ಸ್ವಲ್ಪ ತಗ್ಗಿದ ದನಿಯಲ್ಲಿ:

“ಎಂತ ಮಾಡೂದು ಅಂದ್ರೆ ಎಂತ? ಆ ಮೂಲೇಲಿ ಇದ್ದದ್ದು ಎಂತ ಅಂತ ನಲವತ್ತು ಜನರಿಗೆ ಗೊತ್ತಾಗ್ಲಿಲ್ಲ. ನನಗೂ ಇಲ್ಲ. ಇವರೊಬ್ರೇ ಹೇಳಿದ್ದು. ಪ್ರಶ್ನೆಚಿಹ್ನೆ ಇಲ್ದೆ ಹೇಳಿದ್ದು. ಉತ್ತರ, ಮಂಡಕ್ಕಿ. ಸರಿ ಉತ್ತರ. ಪೆನ್ನು ಕೊಡಿ ಮಾರಾಯ್ರೆ, ನನಗೆ ಊಟಕ್ಕೆ ಹೊತ್ತಾಯ್ತು.”

ಹೀಗೆ, ಮಧ್ಯಾಹ್ನಕ್ಕೆ ಎರಡು ನಿಮಿಷ ಇರುವಾಗ, ಶಂಖಭೇರಿಗಳಿಲ್ಲದೆ, ಪುಷ್ಪವೃಷ್ಟಿಯಿಲ್ಲದೆ, ತುಂಗಾಬಾಯಿಯವರ ಬಲ ಹೆಬ್ಬೆರಳಿನ ಒಂದೇ ಒತ್ತಿಗೆ, ಮೂರು ವರ್ಷದ ತಪಸ್ಸು ಫಲಿಸಿ ಕುಮುದ್ವತಿಯ ಹೆಸರಿನ ಪಕ್ಕದಲ್ಲಿ ಪೆನ್ನು ಮೂಡಿತು. ಗುಂಪು ಚಪ್ಪಾಳೆ ತಟ್ಟಿತು. ಕುಮುದ್ವತಿ ಕೃತಜ್ಞತಾಭಾರದಿಂದ ಕಣ್ಣು ತುಂಬಿ ಉತ್ತರಿಸಿದಳು:

“ಧನ್ಯವಾದಗಳು?”

ಬಳಿಕ ತನ್ನ ಹೆಸರನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು. ಆಕೆಯದು ಹಳೆಯ ಫೋನು. ಆ ಪೆನ್ನಿನ ಚಿತ್ರ ಅದರಲ್ಲಿ ಮೂಡುವುದಿಲ್ಲ. ಮೂರು ವರ್ಷಗಳಿಂದ ಉಡುಪರ ಹೆಸರಿನ ಪಕ್ಕದಲ್ಲಿ ಕಂಡಂತೆಯೇ, ಈಗ ಆಕೆಯ ಹೆಸರಿನ ಪಕ್ಕದಲ್ಲೂ ಕಂಡದ್ದು ಖಾಲಿಯಾದ ಒಂದು ಪುಟ್ಟ ಬಿಳಿ ಚೌಕ.

ಕುಮುದ್ವತಿ ಅದನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿದಳು. ಅಲುಗಾಡಲಿಲ್ಲ. ಇನ್ನೆರಡು ಸಲ ಕೆರೆದು, ನಿಶ್ಚಿಂತಳಾಗಿ, ಮಂಡಕ್ಕಿ ಒಗ್ಗರಣೆ ಉಳಿದಿದೆಯೇ ಎಂದು ನೋಡಲು ಅಡುಗೆಮನೆಗೆ ಹೋದಳು. ಉಳಿದಿರಲಿಲ್ಲ.