ಪಕ್ಕದ ಎಲೆ ಒಮಾನ್

ನನ್ನ ಭಾವನ ಪಕ್ಕದಲ್ಲಿ ಊಟಕ್ಕೆ ಕುಳಿತುಕೊಳ್ಳಬೇಡಿ. ಕುಳಿತರೆ ನಿಮ್ಮ ಬಾಳೆಎಲೆ ಒಮಾನ್ ದೇಶವಾಗಿಬಿಡುತ್ತದೆ!

ಭಾವ ಎಂದರೆ ಅಕ್ಕನ ಗಂಡ. ಒಮಾನ್‌ನ ಸಿಮೆಂಟ್ ಕಾರ್ಖಾನೆಯೊಂದರಲ್ಲಿ, ಸುಣ್ಣಕಲ್ಲು ಸುಡುವ ಬೆಂಕಿಯೆದುರು ಹರೆಯವನ್ನೆಲ್ಲ ಕಳೆದು, ಈಗ ಕಾಪುವಿನಲ್ಲಿ ಆರಾಮವಾಗಿ ಇರಬೇಕಾದವರು. ಇದ್ದರು ಕೂಡ. ಮಣಿಪಾಲದಲ್ಲಿ ಪರಿಸರ ವಿಜ್ಞಾನ ಕಲಿಸುವ ಅವರ ಮಗಳು ಒಂದು ಭಾನುವಾರ ಅನ್ನಕ್ಕೆ ಮೀನುಸಾರು ಕಲಸುತ್ತ, "ಭೂಮಿಯನ್ನು ಬಿಸಿ ಮಾಡಿದ್ದರಲ್ಲಿ ನಿಮ್ಮ ಸಿಮೆಂಟಿನವರ ಕೈಯೂ ಉಂಟು ಅಪ್ಪ" ಎಂದು ನಕ್ಕಳು, ನೋಡಿ! ಅವಳಿಗೆ ತಮಾಷೆ, ಇವರಿಗೆ ಮುಳ್ಳು. ಮಗಳ ಕಣ್ಣಿನಲ್ಲಿ ತಾನು ಅಪರಾಧಿಯೋ ಅಲ್ಲವೋ, ತೀರ್ಮಾನವಾಗಲೇಬೇಕು! ಅಂದಿನಿಂದ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಭಾರತ, ಒಮಾನ್ ಎರಡು ದೇಶಗಳ ಹೊಗೆಯಲ್ಲಿ ಕೈಗಾರಿಕೆಯ ಪಾಲು ಎಷ್ಟೆಷ್ಟು ಎಂಬುದೊಂದೇ ಧ್ಯಾನ.

ಮೊನ್ನೆ ಉಡುಪಿಯ ಒಂದು ಮದುವೆಯೂಟ. ಭಾವನ ಎಲೆ ಭಾರತ, ಪಕ್ಕದವರ ಸಣ್ಣ ಎಲೆ ಒಮಾನ್. "ಅನ್ನ ಎಂದರೆ ಕರೆಂಟು, ಸಾರು ಎಂದರೆ ವಾಹನ, ಪಲ್ಯ ಎಂದರೆ ಕೈಗಾರಿಕೆ. ನಿಮ್ಮ ಎಲೆಯ ಅಳತೆಗೆ ಪಲ್ಯದ ಪಾಲು ಜಾಸ್ತಿ. ನನ್ನಲ್ಲಿ ಪಲ್ಯ ಒಂದು ಮೂಲೆ. ಆದರೆ ಎಲೆಯೇ ದೊಡ್ಡದಲ್ವಾ? ರಾಶಿ ನನ್ನದೇ ದೊಡ್ಡದು! ಹಾಗಾದರೆ ತಪ್ಪು ಯಾರದ್ದು?" ಎನ್ನುತ್ತ ಅವರ ಬೆರಳು ಒಮಾನ್‌ನ ಗಡಿ ದಾಟಿತು.

"ತಪ್ಪು ನಿಮ್ಮದೇ ಮಾರಾಯ್ರೆ! ಎಂಜಲು ಕೈಯಲ್ಲಿ ನನ್ನ ಪಲ್ಯ ಮುಟ್ಟಿದಿರಲ್ಲ!"

ಪಾಪ, ಹೋಳಿಗೆ ಬರುವ ಮೊದಲೇ ಒಮಾನ್ ಎದ್ದು ಹೋಯಿತು.

ಇನ್ನೊಮ್ಮೆ ಕಾರ್ಕಳದ ನೆಂಟರ ಮನೆಯ ಪೂಜೆಗೆಂದು ನಾವಿಬ್ಬರೂ ಬಸ್ಸು ಹತ್ತಿದೆವು. ಸೀಟು ಖಾಲಿಯಿದ್ದರೂ ಭಾವ ನಿಂತೇ ಇದ್ದರು. ಕಂಡಕ್ಟರ್ ಬಂದದ್ದೇ ತಡ, "ಈ ಬಸ್ಸಿನ ಹೊಗೆಯಲ್ಲಿ ನಿನ್ನ ಪಾಲು ಎಷ್ಟು ಮಾರಾಯ?"

"ಹೊಗೆ ಎಲ್ಲ ಮಾಲಕರದ್ದು ಯಜಮಾನ್ರೆ, ನನಗೆ ಸಂಬಳ ಮಾತ್ರ."

ಭಾವನ ಮುಖ ಅರಳಿತು. ಆ ನೆಮ್ಮದಿ ಶಿರ್ವದವರೆಗೆ ಬಾಳಿತು. ಅಲ್ಲಿ ಹೊಸ ಬಂಗಲೆಯೊಂದಕ್ಕೆ ಸ್ಲ್ಯಾಬ್ ಹಾಕುತ್ತಿದ್ದುದು ಕಂಡದ್ದೇ ನನ್ನನ್ನೂ ಎಳೆದುಕೊಂಡು ಇಳಿದೇಬಿಟ್ಟರು! "ಈ ಸಿಮೆಂಟಿನ ಹೊಗೆ ಯಾರ ಲೆಕ್ಕಕ್ಕೆ? ಮಾಡಿದವರಿಗಾ, ಮನೆ ಕಟ್ಟಿಸಿದವರಿಗಾ?" ಎಂದು ಮನೆಯ ಯಜಮಾನರನ್ನೇ ಕೇಳಿದರು.

"ಹೊಗೆ ಎಲ್ಲ ನಮಗೆ ಬೇಡ. ಸಿಮೆಂಟ್ ಎಂತ ರೇಟು, ಅದು ಹೇಳಿ" ಎಂದರು ಅವರು.

ನಾವು ಕಾರ್ಕಳ ತಲುಪುವಾಗ ಪೂಜೆಯೂ ಇಲ್ಲ, ಪ್ರಸಾದವೂ ಇಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ!

ಕಳೆದ ವಾರ ಮಗಳು ಬಂದಿದ್ದಳು. ಊಟದ ನಡುವೆ ಭಾವ ಕೈ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ಎರಡು ದೇಶಗಳದ್ದೂ ಹೋಲಿಸಿ ನೋಡಿದೆ ಮಗಾ. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಮಾತ್ರ ಗೊತ್ತಾಗಲಿಲ್ಲ."

ಅವಳಿಗೆ ಆಗಲೇ ಹೊಳೆದದ್ದು, ತನ್ನ ತಮಾಷೆ ಎಲ್ಲಿ ನಾಟಿದೆ ಎಂದು. ಮುಖ ಬಾಡಿತು. "ಎಷ್ಟಿದ್ದರೂ ಅರ್ಧ ನನಗೆ ಹಾಕಿ ಅಪ್ಪ. ನಾನು ಪರಿಸರ ಓದಿದ್ದೂ ಆ ಹೊಗೆಯ ದುಡ್ಡಲ್ಲೇ ಅಲ್ವಾ?"

ಬಡಿಸುತ್ತಿದ್ದ ಅಕ್ಕ ತಲೆಯೆತ್ತದೆ, "ಉಳಿದ ಅರ್ಧ ನನ್ನದು. ಒಮಾನ್‌ಗೆ ಹೋಗಿ ಅಂತ ಕಳುಹಿಸಿದ್ದು ನಾನೇ" ಎಂದಳು.

ಲೆಕ್ಕದ ಪ್ರಕಾರ ಭಾವನಿಗೆ ಏನೂ ಉಳಿಯಲಿಲ್ಲ. ಅವರು ಅನ್ನದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.